ಅವ್ವ ಬಚ್ಚಲಲ್ಲಿ ಜಾರಿದರೆ: ಮೊದಲ ಎರಡು ದಿನ, ಆಮೇಲಿನ ಮೂರು ತಿಂಗಳು

ವಯಸ್ಸಾದವರಿಗೆ ದೊಡ್ಡ ಪೆಟ್ಟು ಎಂದರೆ ಹೆದ್ದಾರಿಯ ಅಪಘಾತ ನೆನಪಾಗುತ್ತದೆ. ಆದರೆ ಬಹಳಷ್ಟು ಪೆಟ್ಟು ಬೀಳುವುದು ಮನೆಯ ಅಂಗಳದೊಳಗೇ. ಪಾಚಿ ಕಟ್ಟಿದ ಬಚ್ಚಲು, ಎತ್ತರದ ಹೊಸ್ತಿಲು, ಕೊಟ್ಟಿಗೆಯಲ್ಲಿ ಕಾಲಿಗೆ ತೊಡರಿದ ಹಸುವಿನ ಹಗ್ಗ, ನಡುರಾತ್ರಿ ಮೂತ್ರಕ್ಕೆ ಎದ್ದಾಗ ಸಿಕ್ಕಿಕೊಂಡ ಚಾಪೆಯ ಅಂಚು, ಎಲ್ಲವೂ ಕಾರಣವೇ. ಶ್ರೀರಂಗಪಟ್ಟಣದವರು ಇದಕ್ಕೆ ಪಶ್ಚಿಮವಾಹಿನಿಯ ಒದ್ದೆ ಮೆಟ್ಟಿಲನ್ನು ಸೇರಿಸಿಕೊಳ್ಳಬಹುದು, ಪಾಂಡವಪುರದವರು ಮೇಲುಕೋಟೆ ಬೆಟ್ಟದ ಮೆಟ್ಟಿಲನ್ನು. ಸವೆದ ಮೂಳೆ ಮುರಿಯಲು ನಿಂತಲ್ಲೇ ಬಿದ್ದರೂ ಸಾಕು. ಮಣಿಕಟ್ಟು, ಪಕ್ಕೆಲುಬು, ಬೆನ್ನುಮೂಳೆ ಯಾವುದೂ ಮುರಿಯಬಹುದು. ಆದರೆ ಮನೆಮಂದಿಯ ಲೆಕ್ಕವೆಲ್ಲ ತಲೆಕೆಳಗಾಗುವುದು ಸೊಂಟದ ಕೀಲಿನ ಹತ್ತಿರ ತೊಡೆಮೂಳೆ ಮುರಿದಾಗ. ಅಂಥ ಹೊತ್ತಿನಲ್ಲಿ ಮಕ್ಕಳು, ಸೊಸೆಯಂದಿರು ಏನು ಮಾಡಬೇಕು ಎಂಬುದೇ ಇಲ್ಲಿನ ಮಾತು.

ಬಿದ್ದ ಜಾಗದಲ್ಲಿ

ಮೊದಲ ಕೆಲಸ, ಎತ್ತದೆ ಇರುವುದು. ಅಕ್ಕಪಕ್ಕದವರೆಲ್ಲ ಓಡಿಬಂದು ಕಂಕುಳಿಗೆ ಕೈಹಾಕಿ ನಿಲ್ಲಿಸಲು ನೋಡುತ್ತಾರೆ. ಬೇಡ ಎಂದು ಹೇಳಲು ಒಬ್ಬರಾದರೂ ಇರಬೇಕು. ಒಂದು ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಸೊಂಟ ಮುರಿದಿದೆ ಎಂದೇ ತಿಳಿಯಿರಿ. ಕಾಲು ನೆಟ್ಟಗೆ ಕಂಡರೂ ತೊಡೆಸಂದಿಯಲ್ಲಿ ನೋವು, ಊರಲು ಆಗುತ್ತಿಲ್ಲ ಎಂದರೆ ಎಕ್ಸ್‌ರೇ ಆಗುವವರೆಗೂ ನಡೆಸಬೇಡಿ. ಬಿರುಕು ಮಾತ್ರ ಬಿಟ್ಟಿದ್ದ ಮೂಳೆ, ನಾಲ್ಕು ಹೆಜ್ಜೆ ನಡೆಸಿದ್ದಕ್ಕೆ ಪೂರಾ ಜಾರಿಬಿಡುವುದುಂಟು.

ಕಂಬಳಿ ಹೊದಿಸಿ. ಎರಡು ಕಾಲಿನ ನಡುವೆ ದಿಂಬಿಟ್ಟು, ಪಂಚೆಯಿಂದ ಎರಡನ್ನೂ ಸಡಿಲವಾಗಿ ಸೇರಿಸಿ ಕಟ್ಟಿ. ಊಟ, ಕಾಫಿ ಕೊಡಬೇಡಿ. ಬಾಯಿ ಒಣಗಿದರೆ ತುಟಿ ಒದ್ದೆ ಮಾಡಿ. ಸಕ್ಕರೆ ಕಾಯಿಲೆಗೆ ಮಾತ್ರೆಯನ್ನೋ ಇನ್ಸುಲಿನ್ನನ್ನೋ ತೆಗೆದುಕೊಂಡವರಾದರೆ ಅದನ್ನು ಆಂಬುಲೆನ್ಸಿನವರಿಗೆ ಮೊದಲೇ ಹೇಳಿ. 108ಕ್ಕೆ ಕರೆ ಮಾಡಿದರೆ ಬರುವ ಆಂಬುಲೆನ್ಸಿಗೆ ದುಡ್ಡಿಲ್ಲ. ಆಟೋದಲ್ಲಿ ಮಡಚಿ ಕೂರಿಸಿಕೊಂಡು ಹೋಗುವುದಂತೂ ಬೇಡವೇ ಬೇಡ. ಆಂಬುಲೆನ್ಸ್ ಸಿಗದಿದ್ದರೆ ಹಲಗೆಯ ಮೇಲೆ ಮಲಗಿಸಿ ಗೂಡ್ಸ್ ಗಾಡಿಯಲ್ಲಿ ಸಾಗಿಸುವುದೇ ಮೇಲು.

ಮಾತ್ರೆಗಳ ಚೀಲವನ್ನು ಇದ್ದ ಹಾಗೇ ತೆಗೆದುಕೊಂಡು ಹೋಗಿ. ಬಿದ್ದ ಹೊತ್ತು ಬರೆದಿಡಿ. ಕಾಲು ಜಾರಿ ಬಿದ್ದರೋ, ತಲೆ ತಿರುಗಿ ಬಿದ್ದರೋ ಕೇಳಿಕೊಳ್ಳಿ. ತಲೆ ತಿರುಗಿದ್ದರೆ ಹೃದಯ, ಸಕ್ಕರೆ, ಬಿಪಿ ಮೂರನ್ನೂ ನೋಡಬೇಕಾಗುತ್ತದೆ; ಮೂಳೆ ಕೂಡಿಸಿ ಕಳುಹಿಸಿದರೆ ಅರ್ಧ ಚಿಕಿತ್ಸೆಯಷ್ಟೇ ಆದಂತೆ.

ಎಲ್ಲಿಗೆ ಹೋಗುವುದು

ಎಕ್ಸ್‌ರೇ, ನೋವಿನ ಇಂಜೆಕ್ಷನ್ನಿಗೆ ತಾಲ್ಲೂಕು ಆಸ್ಪತ್ರೆ ಸರಿಯೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ: ಮೂಳೆ ವೈದ್ಯರು, ಅರಿವಳಿಕೆ ವೈದ್ಯರು ಇಬ್ಬರೂ ಇದ್ದು ಇಂದೋ ನಾಳೆಯೋ ಆಪರೇಷನ್ ಆಗುತ್ತದೆಯೇ? ಉತ್ತರ ತಡವರಿಸಿದರೆ ರೆಫರಲ್ ಚೀಟಿ ಬರೆಸಿಕೊಂಡು ಹೊರಡಿ. ಶ್ರೀರಂಗಪಟ್ಟಣ, ಪಾಂಡವಪುರದವರಿಗೆ ಮೈಸೂರಿನ ಕೆ.ಆರ್. ಆಸ್ಪತ್ರೆ ಹತ್ತಿರ, ಮಂಡ್ಯದ ಮಿಮ್ಸ್ ಆಸ್ಪತ್ರೆಯೂ ದೂರವಲ್ಲ. ನಾಗಮಂಗಲದವರಿಗೆ ತಾಲ್ಲೂಕಿನೊಳಗೇ, ಬೆಳ್ಳೂರಿನ ಬಳಿ ಬಿ.ಜಿ. ನಗರದಲ್ಲಿ, 1986ರಲ್ಲಿ ಶುರುವಾದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯಿದೆ. ಇವರೆಲ್ಲರಿಗಿಂತ ಹೆಚ್ಚು ದೂರ ಹೋಗಬೇಕಾದವರು ಕೆ.ಆರ್. ಪೇಟೆ ತಾಲ್ಲೂಕಿನವರು. ಅವರು ಮೈಸೂರೋ ಮಂಡ್ಯವೋ ಎಂದು ಅರ್ಧ ದಿನ ಚರ್ಚೆ ಮಾಡುವ ಬದಲು ಯಾವ ಕಡೆ ಬೇಗ ತಲುಪಬಹುದೋ ಅತ್ತ ಹೊರಡುವುದು ಒಳ್ಳೆಯದು. ಕಿಕ್ಕೇರಿ ಕಡೆಯವರಿಗೆ ಹಾಸನವೂ ಒಂದು ದಾರಿ.

ರೇಷನ್ ಕಾರ್ಡ್, ಆಧಾರ್ ಜೊತೆಗಿರಲಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ ಶೇ 30ರಷ್ಟು ಮಾತ್ರ, ಅದೂ ವರ್ಷಕ್ಕೆ ಒಂದೂವರೆ ಲಕ್ಷದ ಮಿತಿಯಲ್ಲಿ. ಖಾಸಗಿ ಆಸ್ಪತ್ರೆಗೆ ಸೇರಿಸುವುದಾದರೆ ಯೋಜನೆಯ ಪಟ್ಟಿಯಲ್ಲಿ ಅದು ಇದೆಯೇ ಎಂದು ದಾಖಲಾಗುವ ಮೊದಲೇ ಯೋಜನೆಯ ಸಿಬ್ಬಂದಿಯಾದ ಆರೋಗ್ಯಮಿತ್ರರನ್ನು ಕೇಳಿ. ಬಿಲ್ ಕಟ್ಟಿದ ಮೇಲೆ ಕೇಳಿ ಪ್ರಯೋಜನವಿಲ್ಲ.

ಪೆಟ್ಟಾದದ್ದು ರಸ್ತೆಯಲ್ಲಾದರೆ ಲೆಕ್ಕ ಬೇರೆ. ವಾಹನ ಅಪಘಾತದ ಗಾಯಾಳುಗಳಿಗೆ 7 ದಿನಗಳವರೆಗೆ, ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ನಗದುರಹಿತ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಟಿವಿಎಸ್ ಎಕ್ಸೆಲ್ಲಿನ ಹಿಂದೆ ಒಂದೇ ಕಡೆಗೆ ಕಾಲುಬಿಟ್ಟು ಕೂತ ಅಜ್ಜಿಯರು ಹಂಪಿನಲ್ಲಿ ಬೀಳುವುದೂ ವಾಹನ ಅಪಘಾತವೇ. ಪೊಲೀಸರಿಗೆ ತಿಳಿಸಲು ಹಿಂಜರಿಯಬೇಡಿ.

"ಈ ವಯಸ್ನಲ್ಲಿ ಯಾಕಪ್ಪ ಕುಯ್ಸೋದು?"

ಎಕ್ಸ್‌ರೇ ನೋಡಿದ ಮೇಲೆ ನೆಂಟರೆಲ್ಲ ಸೇರಿ ಆಡುವ ಮಾತು ಇದು. ಅದರ ಬೆನ್ನಿಗೇ ನಾಟಿ ಕಟ್ಟಿನ ಪ್ರಸ್ತಾಪ ಬರುತ್ತದೆ. ಮಗುವಿನ ಮುಂಗೈ ಮೂಳೆ ಕಟ್ಟಿನಿಂದ ಕೂಡಿಕೊಂಡದ್ದನ್ನು ಕಂಡವರು ಅಜ್ಜಿಯ ಸೊಂಟವೂ ಹಾಗೇ ಕೂಡುತ್ತದೆ ಎಂದುಕೊಳ್ಳುತ್ತಾರೆ. ತೊಡೆಮೂಳೆಯ ಕತ್ತು ಮಾಂಸಖಂಡಗಳ ಆಳದಲ್ಲಿ ಕೀಲಿನೊಳಗೆ ಕೂತಿದೆ, ಹೊರಗಿನ ಪಟ್ಟಿ ಅದನ್ನು ಹಿಡಿಯಲಾರದು. ಮುರಿದಾಗ ಆ ಮೂಳೆಯ ತಲೆಭಾಗಕ್ಕೆ ಹೋಗುವ ರಕ್ತವೂ ಕಡಿದುಹೋಗಿರಬಹುದು. ಇನ್ನು ಪಟ್ಟಿ ಬಿಗಿಯಾದರೆ ಇರುವ ಕಾಲಿಗೂ ಅಪಾಯ.

ವಯಸ್ಸಾಗಿದೆ ಎಂಬ ಕಾರಣಕ್ಕೇ ಆಪರೇಷನ್ ಬೇಕು. ಇಪ್ಪತ್ತರ ಹುಡುಗ ಎರಡು ತಿಂಗಳು ಮಲಗಿದ್ದು ಎದ್ದು ನಡೆದಾನು. ಎಪ್ಪತ್ತೈದರ ತಾಯಿ ಮಲಗಿದರೆ ಎದೆಯಲ್ಲಿ ಕಫ ಕಟ್ಟಿ ನ್ಯುಮೋನಿಯಾ ಬರುತ್ತದೆ, ಬೆನ್ನಲ್ಲಿ ಹುಣ್ಣಾಗುತ್ತದೆ, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುತ್ತದೆ. ಸೊಂಟ ಮುರಿದವರಲ್ಲಿ ಐವರಿಗೆ ಒಬ್ಬರಾದರೂ ವರ್ಷದೊಳಗೆ ತೀರಿಕೊಳ್ಳುತ್ತಾರೆ ಎಂದು ಹಲವು ದೇಶಗಳ ಅನುಭವ ಹೇಳುತ್ತದೆ. ಆ ಸಾವುಗಳಲ್ಲಿ ಹಾಸಿಗೆಯ ಪಾಲು ದೊಡ್ಡದು. ಆಪರೇಷನ್ನಿನ ಉದ್ದೇಶ ಹಾಸಿಗೆ ಬಿಡಿಸುವುದು. ಸಾಧ್ಯವಾದಷ್ಟೂ 48 ಗಂಟೆಯೊಳಗೆ ಆಗಬೇಕು ಎನ್ನುವುದು ಅದಕ್ಕೇ. ಹೃದಯ ತೀರಾ ದುರ್ಬಲವಾಗಿ, ವೈದ್ಯರೇ ಬೇಡವೆಂದ ಕೆಲವರ ಮಾತು ಬೇರೆ.

ಬಹಳ ಕಡೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಸೊಂಟದ ಕೆಳಗಷ್ಟೇ ಮರಗಟ್ಟಿಸುತ್ತಾರೆ. ಮೂಳೆಯ ಕತ್ತು ಮುರಿದು ಜಾರಿದ್ದರೆ ಸಾಮಾನ್ಯವಾಗಿ 'ಬಾಲ್' ಬದಲಿಸುತ್ತಾರೆ, ಅದಕ್ಕೂ ಕೆಳಗಾಗಿದ್ದರೆ 'ರಾಡ್' ಹಾಕುತ್ತಾರೆ. ಎರಡರಲ್ಲಿ ಯಾವುದು ಎಂದು ಕೇಳಿಟ್ಟುಕೊಳ್ಳಿ, ಮುಂದಿನ ಪಥ್ಯವೆಲ್ಲ ಅದರ ಮೇಲೆ ನಿಂತಿದೆ. "ಫಿಟ್ನೆಸ್ ಬಂದಿಲ್ಲ" ಎಂದು ದಿನ ಮುಂದಕ್ಕೆ ಹೋದರೆ ಯಾವ ಪರೀಕ್ಷೆಗೆ ಕಾಯುತ್ತಿದ್ದೀರಿ ಎಂದು ವಿನಯದಿಂದಲೇ, ಆದರೆ ದಿನಕ್ಕೆರಡು ಸಲ ಕೇಳಿ.

ಆಪರೇಷನ್ ಆದ ರಾತ್ರಿಯೋ ಮರುದಿನವೋ ಅಪ್ಪ ಏನೇನೋ ಮಾತಾಡಬಹುದು. ಸತ್ತುಹೋದ ತಮ್ಮನನ್ನು ಕರೆಯಬಹುದು, ಡ್ರಿಪ್ ಕಿತ್ತುಹಾಕಬಹುದು. ಗಾಳಿ ಸೋಕಿತೆಂದು ತಾಯತಕ್ಕೆ ಓಡುವವರಿದ್ದಾರೆ. ಗಾಳಿಯೂ ಅಲ್ಲ, ಹುಚ್ಚೂ ಅಲ್ಲ. ನೋವು, ಔಷಧಿ, ನಿದ್ದೆಗೇಡು, ಹೊಸ ಜಾಗ, ಸೋಂಕು, ಮೂತ್ರ ಕಟ್ಟಿರುವುದು, ಇವುಗಳಿಂದ ಹುಟ್ಟುವ ಗೊಂದಲ ಇದು. ವೈದ್ಯರಿಗೆ ತಿಳಿಸಿ, ಕಾರಣ ಹುಡುಕಲಿ. ನೀವು ಮಾಡಬೇಕಾದ್ದು, ಕನ್ನಡಕ ಹಾಕಿಸುವುದು, ಹಗಲು ಕಿಟಕಿ ತೆರೆದಿಡುವುದು, ರಾತ್ರಿ ಗುರುತಿನವರೇ ಪಕ್ಕದಲ್ಲಿ ಕೂರುವುದು. ಹೆಚ್ಚಿನವರಲ್ಲಿ ಕೆಲವು ದಿನಗಳಲ್ಲಿ ತಿಳಿಯಾಗುತ್ತದೆ.

ಮನೆಗೆ ಬಂದ ಮೇಲೆ

ಎಲ್ಲ ಸರಿಯಿದ್ದರೆ ಆಪರೇಷನ್ನಿನ ಮರುದಿನವೇ ಕೂರಿಸಿ, ವಾಕರ್ ಹಿಡಿಸಿ ನಿಲ್ಲಿಸುತ್ತಾರೆ. ಮನೆಗೆ ಬಂದ ಮೇಲೆ ಈ ಅಭ್ಯಾಸ ತಪ್ಪಿಸುವವರು ಪ್ರೀತಿಯುಳ್ಳ ಮಕ್ಕಳೇ! "ಮಲ್ಕೊಳ್ಳವ್ವ, ನಾವೆಲ್ಲ ಇಲ್ವಾ" ಎನ್ನುವ ಮಾತು ಅವ್ವನನ್ನು ಹಾಸಿಗೆಗೆ ಕಟ್ಟಿಹಾಕುತ್ತದೆ. ಪೂರ್ತಿ ಭಾರ ಹಾಕಬಹುದೋ, ಸ್ವಲ್ಪವೋ ಎಂದು ಡಿಸ್ಚಾರ್ಜ್ ಚೀಟಿಯಲ್ಲೇ ಬರೆಸಿಕೊಳ್ಳಿ. ಆಮೇಲೆ ಊಟಕ್ಕೆ, ಮುಖ ತೊಳೆಯಲು, ಜಗುಲಿಗೆ ಬರಲು ಪ್ರತಿಸಲವೂ ಎದ್ದೇ ಬರಲಿ.

ಬಾಲ್ ಹಾಕಿದವರು ನೆಲದಲ್ಲಿ ಚಕ್ಕಂಬಕ್ಕಲ ಹಾಕುವುದು, ಕುಕ್ಕರಗಾಲಲ್ಲಿ ಕೂರುವುದು, ಕಾಲ ಮೇಲೆ ಕಾಲು ಹಾಕುವುದು ವೈದ್ಯರು ಒಪ್ಪುವ ತನಕ ಬೇಡ. ಬಾಲ್ ಕೀಲಿನಿಂದ ಜಾರೀತು. ನೆಲಮಟ್ಟದ ಕಕ್ಕಸು ಇದ್ದರೆ ಕಮೋಡ್ ಕುರ್ಚಿ ತರಿಸಿ. ಗುಳಿಬಿದ್ದ ಹಗ್ಗದ ಮಂಚದಲ್ಲಿ ಮಲಗಿಸಬೇಡಿ. ಮಂಡಿಗಿಂತ ತುಸು ಎತ್ತರದ, ಗಟ್ಟಿ ಹಾಸಿಗೆಯ ಮಂಚ ಬೇಕು.

ಊಟದ ವಿಷಯದಲ್ಲಿ ನಮ್ಮ ಸೀಮೆಯವರು ಅದೃಷ್ಟವಂತರು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಕೊರತೆ ಬೀಳುವುದು ಪ್ರೋಟೀನು. ಮುದ್ದೆಯ ಜೊತೆ ಬರೀ ಉಪ್ಸಾರು ಸಾಲದು. ಹುರುಳಿ, ಅವರೆ, ಮೊಟ್ಟೆ, ಮೀನು, ಹಾಲು, ಮೊಸರು ದಿನವೂ ಯಾವುದಾದರೂ ಎರಡಿರಲಿ. ಮೂಳೆ ಕೂಡಲೆಂದು ಕಾಲು ಸೂಪು ಕಾಯಿಸುವವರು ಕಾಯಿಸಲಿ, ರುಚಿಗೇನೂ ಮೋಸವಿಲ್ಲ. ಕ್ಯಾಲ್ಸಿಯಂ ಮಾತ್ರ ಅದರಲ್ಲಿ ಕಡಿಮೆ. ಮೂತ್ರಕ್ಕೆ ಏಳಬೇಕಲ್ಲ ಎಂದು ನೀರು ಕುಡಿಯುವುದನ್ನೇ ಬಿಡುವವರ ಮೇಲೆ ಕಣ್ಣಿಡಿ. ನೋವಿಗೆಂದು ಅಂಗಡಿಯಲ್ಲಿ ಕೇಳಿ ಮಾತ್ರೆ ತರಬೇಡಿ, ಕಿಡ್ನಿ ಕೆಡಬಹುದು.

ಮೀನಖಂಡ ಊದಿ ನೋಯುವುದು, ಇದ್ದಕ್ಕಿದ್ದಂತೆ ಉಬ್ಬಸ, ಗಾಯದಲ್ಲಿ ಕೀವು, ಕಾಲು ಮತ್ತೆ ಗಿಡ್ಡವಾಗುವುದು, ಇವುಗಳಲ್ಲಿ ಒಂದು ಕಂಡರೂ ಅಂದೇ ಆಸ್ಪತ್ರೆಗೆ ಹೋಗಿ. ತಲೆಗೆ ಪೆಟ್ಟಾಗಿದ್ದವರದ್ದು ಇನ್ನೂ ಸೂಕ್ಷ್ಮ. ರಕ್ತ ತೆಳುವಾಗಿಸುವ ಮಾತ್ರೆ ನುಂಗುವವರಾದರೆ, ಮೇಲೆ ಗಾಯವಿಲ್ಲದಿದ್ದರೂ ಸ್ಕ್ಯಾನ್ ಬೇಕೇ ಎಂದು ಮೊದಲ ದಿನವೇ ಕೇಳಿ. ವಾರಗಳ ನಂತರ ಮಂಕು, ತಲೆನೋವು, ನಡಿಗೆಯಲ್ಲಿ ಓಲಾಟ ಕಂಡರೆ ಅರಳುಮರಳೆಂದು ಬಿಡಬೇಡಿ. ಮಿದುಳಿನ ಮೇಲೆ ರಕ್ತ ನಿಧಾನವಾಗಿ ತುಂಬಿಕೊಂಡಿರಬಹುದು. ಸಮಯಕ್ಕೆ ಸಿಕ್ಕರೆ ಅದು ವಾಸಿಯಾಗುವಂಥದ್ದು.

ಇನ್ನೊಂದು ಕಡೆ ಮುರಿಯದಂತೆ

ಒಮ್ಮೆ ಮುರಿದವರಿಗೆ ಮತ್ತೆ ಮುರಿಯುವ ಸಾಧ್ಯತೆ ಹೆಚ್ಚು. ರಾಡ್ ಹಾಕಿದ ಮಾತ್ರಕ್ಕೆ ಮೂಳೆಸವೆತ ನಿಂತಿಲ್ಲ. ಅದಕ್ಕೆ ವಾರಕ್ಕೊಮ್ಮೆ ನುಂಗುವ ಮಾತ್ರೆ, ವರ್ಷಕ್ಕೊಮ್ಮೆ ಕೊಡುವ ಡ್ರಿಪ್ ಎಲ್ಲ ಇವೆ. ಹೊಲಿಗೆ ಬಿಚ್ಚಿಸಲು ಹೋದಾಗ ನೀವೇ ಈ ಮಾತು ತೆಗೆಯಿರಿ, ವಿಟಮಿನ್ ಡಿ ಬಗ್ಗೆಯೂ ಕೇಳಿ.

ಬಚ್ಚಲಿಗೆ ಗೋಡೆಗಂಬಿ ಹಾಕಿಸಲು ಊರಿನ ಗಾರೆಯವರೇ ಸಾಕು. ಟವೆಲ್ ನೇತುಹಾಕುವ ಸಣ್ಣ ಸರಳು ಭಾರ ತಡೆಯದು. ಹೊಸ್ತಿಲಿಗೆ ಎದ್ದು ಕಾಣುವ ಬಣ್ಣ ಬಳಿಯಿರಿ, ಪೂಜೆಗೇನೂ ಭಂಗವಿಲ್ಲ. ಹವಾಯಿ ಚಪ್ಪಲಿಯ ಬದಲು ಹಿಂಬದಿ ಪಟ್ಟಿಯಿರುವ ಚಪ್ಪಲಿ ಕೊಡಿಸಿ. ಪೊರೆ ಬಂದ ಕಣ್ಣನ್ನು ಮುಂದಿನ ಹಬ್ಬಕ್ಕೆ ತಳ್ಳಬೇಡಿ. ಹಾಲು ಕರೆಯುವ ಕೆಲಸ ಬೇರೆಯವರು ನೋಡಿಕೊಳ್ಳಲಿ, ಡೈರಿಗೆ ನಡೆದುಹೋಗುವುದನ್ನು ಮಾತ್ರ ತಪ್ಪಿಸಬೇಡಿ. ಬಿಪಿಗೆ ಕೊಟ್ಟ ನೀರಿನ ಮಾತ್ರೆಯನ್ನು ರಾತ್ರಿ ನುಂಗುತ್ತಿದ್ದರೆ ಬೆಳಗಿನ ಹೊತ್ತಿಗೆ ಬದಲಿಸಬಹುದೇ ಎಂದು ವೈದ್ಯರನ್ನು ಕೇಳಿ, ರಾತ್ರಿ ಏಳುವುದು ಎಷ್ಟೋ ತಗ್ಗುತ್ತದೆ.