ಮುಚ್ಚಿದ ಕೊಠಡಿಯ ಗಾಳಿ

ಕ್ಷಯ, ಇನ್‌ಫ್ಲುಯೆಂಜಾ, ಕೋವಿಡ್ ಇವುಗಳ ರೋಗಾಣುಗಳು ಬೇರೆ ಬೇರೆ. ಅವು ಸಂಚರಿಸುವ ಮುಖ್ಯ ಮಾರ್ಗ ಮಾತ್ರ ಒಂದೇ. ಅದು ನಾವು ಉಸಿರಾಡುವ ಗಾಳಿ. 2020ರ ಮಾರ್ಚ್ ತಿಂಗಳಲ್ಲಿ ಕೋವಿಡ್ ಬೆಂಗಳೂರನ್ನು ಮುಟ್ಟಿದಾಗ ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಗಳ ಕಚೇರಿಗಳು ಬರಿದಾದವು. ಅಲ್ಲಿಯ ಕೆಲಸ ಮನೆಗಳಿಗೆ ಸಾಗಿತು. ಆದರೆ ಪೀಣ್ಯದ ಲೇತ್ ಯಂತ್ರವನ್ನು ಮನೆಗೆ ಒಯ್ಯಲಾದೀತೆ? ಆದುದರಿಂದ ಹಲವರು ಕೂಡಿ ದುಡಿಯುವ ಸ್ಥಳದ ಗಾಳಿಯನ್ನೇ ನಿರಪಾಯಗೊಳಿಸುವ ಬಗೆಯನ್ನು ವಿಚಾರಿಸೋಣ.

ಕೆಮ್ಮಿದಾಗ ಮಾತ್ರವಲ್ಲ, ಮಾತನಾಡಿದಾಗಲೂ ಬಾಯಿಯಿಂದ ಸಣ್ಣ ಹನಿಗಳು ಹೊರಬೀಳುತ್ತವೆ. ಇಂತಹ ಹನಿಯ ವ್ಯಾಸ ಹತ್ತರಲ್ಲೊಂದು ಪಾಲಾದರೆ ಅದು ಬೀಳುವ ವೇಗ ಸುಮಾರು ನೂರರಲ್ಲೊಂದು ಪಾಲಾಗುತ್ತದೆ. ನಿಶ್ಚಲವಾದ ಗಾಳಿಯಲ್ಲಿ 0.1 ಮಿಲಿಮೀಟರ್ ವ್ಯಾಸದ ಹನಿ ಒಂದೂವರೆ ಮೀಟರ್ ಎತ್ತರದಿಂದ ಐದಾರು ಸೆಕೆಂಡುಗಳಲ್ಲಿ ನೆಲ ಸೇರುತ್ತದೆ. 0.01 ಮಿಲಿಮೀಟರಿನ ಕಣಕ್ಕೆ ಸುಮಾರು ಎಂಟು ನಿಮಿಷ ಬೇಕು, 0.001 ಮಿಲಿಮೀಟರಿನ ಕಣಕ್ಕೆ ಸುಮಾರು ಹನ್ನೆರಡು ಗಂಟೆ! ದೂರ ನಿಲ್ಲುವುದರಿಂದ ದೊಡ್ಡ ಹನಿಗಳಿಂದ ಪಾರಾಗಬಹುದು. ಸೂಕ್ಷ್ಮಕಣಗಳಾದರೋ ಹೊಗೆಯಂತೆ ಕೊಠಡಿಯನ್ನೆಲ್ಲ ವ್ಯಾಪಿಸುತ್ತವೆ.

1950ರ ದಶಕದ ಉತ್ತರಾರ್ಧದಲ್ಲಿ ಅಮೆರಿಕದ ಬಾಲ್ಟಿಮೋರ್ ನಗರದ ಆಸ್ಪತ್ರೆಯೊಂದರಲ್ಲಿ ಕ್ಷಯರೋಗಿಗಳ ವಾರ್ಡಿನ ಗಾಳಿಯನ್ನು ಕೊಳವೆಯ ಮೂಲಕ ಗಿನಿಯಿಲಿಗಳಿದ್ದ ಕೋಣೆಗೆ ಹಾಯಿಸಿದರು. ರೋಗಿಗಳ ಬಳಿ ಎಂದೂ ಸುಳಿಯದ ಆ ಪ್ರಾಣಿಗಳಿಗೂ ಕ್ಷಯ ತಗುಲಿತು.

ಇದಕ್ಕೆ ಪರಿಹಾರವೆಂದರೆ ಹೊಸ ಗಾಳಿಯನ್ನು ಬೆರೆಸಿ ಹಳೆಯದನ್ನು ತೆಳುವಾಗಿಸುವುದು. ಕೊಠಡಿಯ ಗಾತ್ರದಷ್ಟು ಹೊಸ ಗಾಳಿ ಒಮ್ಮೆ ಹಾದುಹೋದರೆ ಹಳೆಯದೆಲ್ಲ ಹೊರಟುಹೋಯಿತೆಂದು ಭಾವಿಸಬಾರದು. ಎರಡೂ ಬೆರೆಯುವುದರಿಂದ ನೂರರಲ್ಲಿ 37 ಪಾಲು ಉಳಿದಿರುತ್ತದೆ. ಮೂರು ಬಾರಿ ಹಾದುಹೋದರೆ ಉಳಿಯುವುದು 5 ಪಾಲು. ಗಂಟೆಗೆ ಒಮ್ಮೆ ಗಾಳಿ ಬದಲಾಗುವ ಕೊಠಡಿಯಲ್ಲಿ ಇದಕ್ಕೆ ಮೂರು ಗಂಟೆ ಹಿಡಿದರೆ, ಆರು ಬಾರಿ ಬದಲಾಗುವಲ್ಲಿ ಅರ್ಧ ಗಂಟೆ ಸಾಕು.

ತಂಪಾದ ಗಾಳಿಯೆಲ್ಲ ಹೊಸ ಗಾಳಿಯಲ್ಲ. ಗೋಡೆಗೆ ತೂಗುಹಾಕುವ ಸಾಮಾನ್ಯ ಹವಾನಿಯಂತ್ರಕವು ಒಳಗಿನ ಗಾಳಿಯನ್ನೇ ಮತ್ತೆ ಮತ್ತೆ ತಂಪುಮಾಡುತ್ತದೆ. ಮೇಲ್ಛಾವಣಿಯ ಫ್ಯಾನೂ ಅದನ್ನು ಕಲಕುತ್ತದೆ, ಅಷ್ಟೆ. ಇಂಗಾಲದ ಡೈಆಕ್ಸೈಡ್ ಮಾಪಕವೊಂದಿದ್ದರೆ ಸತ್ಯ ತಿಳಿಯುತ್ತದೆ. ಈ ಅನಿಲವು ಹೊರಗಿನ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು 420 ಇದ್ದರೆ, ನಾವು ಹೊರಬಿಡುವ ಉಸಿರಿನಲ್ಲಿ ಸುಮಾರು 40,000 ಇರುತ್ತದೆ. ಮಾಪಕ 1,200 ತೋರಿಸಿತೆಂದರೆ, ಒಳಸೇರುವ ಗಾಳಿಯ ಐವತ್ತರಲ್ಲಿ ಒಂದು ಪಾಲು ಇನ್ನೊಬ್ಬರು ಉಸಿರಾಡಿ ಬಿಟ್ಟದ್ದೆಂದು ತಿಳಿಯಬೇಕು.

ಬೆಂಗಳೂರಿನ ಹವೆಯಲ್ಲಿ ವರ್ಷದ ಬಹುಕಾಲ ಕಿಟಕಿ ತೆರೆದಿಡಬಹುದು. ಧೂಳು ಸದ್ದುಗಳಿಂದಾಗಿ ಅದು ಸಾಧ್ಯವಿಲ್ಲದ ಶೆಡ್ಡಿನಲ್ಲಿ ಗಾಳಿಯನ್ನು ಹೊರದೂಡುವ ಎಕ್ಸಾಸ್ಟ್ ಫ್ಯಾನೂ, ಎದುರು ಗೋಡೆಯಲ್ಲಿ ಹೊಸ ಗಾಳಿಗೆ ದಾರಿಯೂ ಇರಬೇಕು. ಮುಖಕ್ಕೆ ಬಿಗಿಯಾಗಿ ಕೂರುವ ಮಾಸ್ಕ್ ಇದಕ್ಕೆ ಪೂರಕ.

ಆದರೂ ಮೂಲದಲ್ಲೇ ತಡೆಯುವುದು ಮೇಲು. ಎರಡು ವಾರ ಮೀರಿದ ಕೆಮ್ಮಿದ್ದರೆ ಸರಕಾರಿ ಆರೋಗ್ಯ ಕೇಂದ್ರದಲ್ಲಿ ಕಫಪರೀಕ್ಷೆ ಉಚಿತವಾಗಿದೆ. ಆದರೆ ಪರೀಕ್ಷೆಗೆ ಹೋದ ದಿನದ ಕೂಲಿ ಕಡಿತವಾಗುವುದಾದರೆ ಕೆಮ್ಮುವವನು ಕೆಲಸಕ್ಕೇ ಬರುತ್ತಾನೆ. ಅವನ ಉಸಿರು ಅಕ್ಕಪಕ್ಕದವರ ಎದೆಯನ್ನು ಸೇರುತ್ತದೆ. ಆದ್ದರಿಂದ ಕಾಯಿಲೆಯ ದಿನದ ಸಂಬಳವನ್ನೂ ಕಿಟಕಿಯಂತೆ, ಫ್ಯಾನಿನಂತೆ, ರೋಗ ತಡೆಯುವ ಸಾಧನವೆಂದೇ ಎಣಿಸಬೇಕು.