ಬೋರಿನ ನೀರು, ಮಕ್ಕಳ ಹಲ್ಲು ಮತ್ತು ಆವರ್ತ ಕೋಷ್ಟಕ

"ಹಕೀಮ್ ಸಾಹೇಬ್ರ, ದಿನಾ ಎರಡು ಹೊತ್ತು ತಿಕ್ಕಸ್ತೀನ್ರಿ, ಆದ್ರೂ ಹಲ್ಲಿನ ಕಲೆ ಹೋಗವಲ್ದು." ಮುಂಡರಗಿ, ಶಿರಹಟ್ಟಿ ಕಡೆಯ ತಾಯಂದಿರು ಹೀಗೆ ಹೇಳುವಾಗ ಮಗು ಬಾಯಿಗೆ ಕೈ ಅಡ್ಡ ಹಿಡಿದು ನಿಂತಿರುತ್ತದೆ. ತಪ್ಪು ಮಗುವಿನದಲ್ಲ. ಅದು ಹಲ್ಲಿನ ಮೇಲಿನ ಕೊಳೆಯಲ್ಲ. ಒಸಡಿನೊಳಗೆ ಹಲ್ಲು ಬೆಳೆಯುವಾಗಲೇ ಅದರ ಹೊರಪದರದಲ್ಲಿ ಉಂಟಾದ ದೋಷ. ಕಾರಣ, ಕುಡಿಯುವ ಬೋರಿನ ನೀರಿನಲ್ಲಿ ಮಿತಿಮೀರಿದ ಫ್ಲೋರೈಡ್.

ಇದನ್ನು ತಿಳಿಯಲು ಆವರ್ತ ಕೋಷ್ಟಕ ನೋಡಬೇಕು. 1869ರಲ್ಲಿ ರಷ್ಯದ ಮೆಂಡಲೀವ್ ರೂಪಿಸಿದ ಈ ಪಟ್ಟಿಯಲ್ಲಿ ಇಂದು 118 ಧಾತುಗಳಿವೆ. ಒಂದೇ ಸ್ವಭಾವದವು ಒಂದರ ಕೆಳಗೊಂದು ನಿಲ್ಲುತ್ತವೆ. ಬಲಗಡೆಯಿಂದ ಎರಡನೆಯ ಸಾಲಿನಲ್ಲಿ ಮೇಲಿನಿಂದ ಫ್ಲೋರಿನ್, ಕ್ಲೋರಿನ್, ಬ್ರೋಮಿನ್, ಅಯೋಡಿನ್. ಬ್ರೋಮಿನ್ ಬಿಟ್ಟು ಉಳಿದವು ನಿಮ್ಮ ಮನೆಯಲ್ಲೇ ಇವೆ: ಟೂತ್‌ಪೇಸ್ಟ್, ಬ್ಲೀಚಿಂಗ್ ಪೌಡರ್, ಅಯೋಡಿನ್ ಸೇರಿಸಿದ ಉಪ್ಪು.

ಈ ಧಾತುಗಳ ಹೊರಕವಚದಲ್ಲಿ ಏಳು ಎಲೆಕ್ಟ್ರಾನ್, ಇನ್ನೊಂದು ಬೇಕು. ಸಾಲಿನಲ್ಲಿ ಕೆಳಗಿಳಿದಂತೆ ಪರಮಾಣು ದೊಡ್ಡದಾಗಿ, ಎಲೆಕ್ಟ್ರಾನ್ ಎಳೆದುಕೊಳ್ಳುವ ಶಕ್ತಿ ಕುಗ್ಗುತ್ತದೆ. ತುದಿಯಲ್ಲಿರುವ ಫ್ಲೋರಿನ್ ಎಲ್ಲಕ್ಕಿಂತ ಚಿಕ್ಕದು. ಅದಕ್ಕಿರುವ ಸೆಳೆತ ಇಡೀ ಕೋಷ್ಟಕದಲ್ಲಿ ಮತ್ತಾವುದಕ್ಕೂ ಇಲ್ಲ. ಫ್ರಾನ್ಸಿನ ಮೊಯಿಸಾನ್ ಅದನ್ನು ಬೇರ್ಪಡಿಸಿದ್ದೇ 1886ರಲ್ಲಿ.

ನೀರಿನಲ್ಲಿರುವುದು ಆ ಅನಿಲವಲ್ಲ. ಎಲೆಕ್ಟ್ರಾನ್ ಕಸಿದುಕೊಂಡು ತೃಪ್ತಿಯಿಂದ ಕುಳಿತ ಫ್ಲೋರೈಡ್. ನಮ್ಮ ನೆಲದಡಿಯ ಗಟ್ಟಿ ಬಂಡೆಗಳ ಖನಿಜದಿಂದ ಅದು ನೀರಿಗಿಳಿಯುತ್ತದೆ. ನಳದ ನೀರಿನ ಕ್ಲೋರಿನ್ ವಾಸನೆ ಕುದಿಸಿದರೆ ಹೋಗುತ್ತದೆ, ಫ್ಲೋರೈಡ್ ಹೋಗುವುದಿಲ್ಲ. ನೀರು ಆವಿಯಾಗುತ್ತದೆ, ಅದು ಉಳಿಯುತ್ತದೆ. ನಾನೇ ಬರೆದುಕೊಡುವ ಜೋಶಾಂದಾವನ್ನು ಅಂಥ ನೀರಿನಲ್ಲಿ ಅರ್ಧಕ್ಕಿಳಿಸಿದರೆ, ಲೀಟರಿಗೆ 2 ಮಿಲಿಗ್ರಾಂ ಇದ್ದದ್ದು 4 ಆಗುತ್ತದೆ! ಭಾರತೀಯ ಮಾನಕದಂತೆ ಲೀಟರಿಗೆ 1 ಮಿಲಿಗ್ರಾಂವರೆಗೆ ಸರಿ, ಬೇರೆ ನೀರೇ ಇಲ್ಲದಿದ್ದರೆ 1.5.

ಸ್ವಲ್ಪ ಫ್ಲೋರೈಡ್ ಹಲ್ಲನ್ನು ಗಟ್ಟಿ ಮಾಡುತ್ತದೆ. ಹೆಚ್ಚಾದರೆ ಸುಮಾರು ಎಂಟು ವರ್ಷದೊಳಗಿನ ಮಕ್ಕಳ ಹಲ್ಲು ಕೆಡುತ್ತದೆ; ವರ್ಷಗಟ್ಟಲೆ ಕುಡಿದ ದೊಡ್ಡವರ ಬೆನ್ನು, ಕೀಲು ಬಿಗಿಯುತ್ತವೆ. ಮೂಡಿದ ಕಲೆ ಮಿಸ್ವಾಕ್‌ನಿಂದಲೂ ಹೋಗದು, ಯಾವ ಮಂಜನ್‌ನಿಂದಲೂ ಹೋಗದು. ಇಟ್ಟಿಗೆಪುಡಿ, ಮಿಶ್ರಿ ಹಾಕಿ ತಿಕ್ಕಿಸಬೇಡಿ, ಹಲ್ಲು ಸವೆಯುತ್ತದೆ. ದಂತವೈದ್ಯರು ಕಲೆ ಮರೆಮಾಡಬಲ್ಲರು. ಹೆಣ್ಣು ನೋಡಲು ಬಂದವರು ಹಲ್ಲು ನೋಡಿ "ಸ್ವಚ್ಛತೆ ಇಲ್ಲ" ಎಂದು ಎದ್ದು ಹೋಗುವುದು ಮಾತ್ರ ಬರೀ ಅಜ್ಞಾನ.

ಬಟ್ಟೆಯಲ್ಲಿ ಸೋಸುವುದು, ಕ್ಯಾಂಡಲ್ ಫಿಲ್ಟರ್ ಇಲ್ಲಿ ಉಪಯೋಗಕ್ಕಿಲ್ಲ. ಆರ್‌ಓ ಘಟಕದ ನೀರಿನಲ್ಲಿ ಫ್ಲೋರೈಡ್ ಬಹಳ ಕಡಿಮೆ. ಆದರೆ ಅನೇಕರು ಆ ನೀರನ್ನು ಕುಡಿಯಲಷ್ಟೇ ಇಟ್ಟು, ಬೇಳೆ, ಅನ್ನ, ಚಹಾಕ್ಕೆ ಬೋರಿನ ನೀರು ಹಾಕುತ್ತಾರೆ. ಅಡುಗೆಗೂ ಒಳ್ಳೆಯ ನೀರೇ ಬೇಕು. ಗದಗ-ಬೆಟಗೇರಿ, ಲಕ್ಷ್ಮೇಶ್ವರದಲ್ಲಿ ನದಿಯ ನೀರು ಬಂದ ದಿನ ಅಡುಗೆ, ಕುಡಿಯುವುದಕ್ಕೆ ಬೇರೆ ತುಂಬಿಡಿ. ಮಕ್ಕಳಿಗೆ ಹಾಲು, ಮಜ್ಜಿಗೆ ಕೊಡಿ. ಅದರ ಕ್ಯಾಲ್ಸಿಯಂ ಹೊಟ್ಟೆಯಲ್ಲೇ ಸ್ವಲ್ಪ ಫ್ಲೋರೈಡನ್ನು ಹಿಡಿದಿಡುತ್ತದೆ.

ವುಝೂ, ಸ್ನಾನ, ಬಟ್ಟೆಗೆ ಬೋರಿನ ನೀರು ಧಾರಾಳವಾಗಿ ಬಳಸಬಹುದು, ಚರ್ಮದಿಂದ ಫ್ಲೋರೈಡ್ ಒಳಗಿಳಿಯುವುದಿಲ್ಲ. ಬಾಯಿ ಮುಕ್ಕಳಿಸಿದ ನೀರನ್ನು ಮಕ್ಕಳು ನುಂಗದಂತೆ ನೋಡಿಕೊಳ್ಳಿ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಪಕ್ಕದ ಬೋರು ಚೆನ್ನಾಗಿದೆಯೆಂದು ನಿಮ್ಮದೂ ಹಾಗೇ ಇರಬೇಕಿಲ್ಲ. ಪಂಚಾಯಿತಿಯಲ್ಲಿ ವಿಚಾರಿಸಿ, ಒಂದು ಶುಭ್ರ ಬಾಟಲಿಯಲ್ಲಿ ನಿಮ್ಮ ಬೋರಿನ ನೀರನ್ನು ಪರೀಕ್ಷೆಗೆ ಕೊಡಿ.