ಹಿಜಾಮಾ ಮಾಡಿಸುವ ಮುನ್ನ

ದೊಡ್ಡಬಳ್ಳಾಪುರದಲ್ಲಿ ದಿನವಿಡೀ ಮಗ್ಗದ ಮುಂದೆ ನಿಂತು ಹೆಗಲು, ಸೊಂಟ ಹಿಡಿದುಕೊಂಡವರು ‘ಹಿಜಾಮಾ ಎಲ್ಲಿ ಮಾಡಿಸಲಿ ಡಾಕ್ಟರೇ?’ ಎಂದು ಕೇಳುತ್ತಾರೆ. ಇದು ಸುನ್ನತ್ ಎಂಬ ಗೌರವದಿಂದಲೇ ಅನೇಕರು ಮಾಡುವವರನ್ನು ಪ್ರಶ್ನಿಸಲು ಸಂಕೋಚಪಡುತ್ತಾರೆ. ಆ ಸಂಕೋಚ ಬೇಡ. ನನ್ನನ್ನೂ ಪ್ರಶ್ನಿಸಿ.

ಮೊದಲು ನೋಡಬೇಕಾದದ್ದು ಬ್ಲೇಡು. ಅದರ ಸೀಲು ನಿಮ್ಮ ಕಣ್ಣೆದುರೇ ಒಡೆಯಬೇಕು. ಗೀರಿದ ಜಾಗಕ್ಕೆ ಇಡುವ ಬಟ್ಟಲಿನೊಳಗೂ ರಕ್ತ ಬರುವುದರಿಂದ ಅದೂ ಹೊಸದಾಗಿರಬೇಕು. ಇನ್ನೊಬ್ಬರಿಗೆ ಬಳಸಿ ಬಿಸಿನೀರಿನಲ್ಲಿ ತೊಳೆದಿಟ್ಟದ್ದು ಬೇಡ. ಹೆಪಟೈಟಿಸ್ ಬಿ ವೈರಸ್ ಒಣಗಿದ ರಕ್ತದಲ್ಲೂ ಕನಿಷ್ಠ 7 ದಿನ ಉಳಿಯುತ್ತದೆ. ಕಣ್ಣಿಗೆ ಕಾಣದಷ್ಟು ರಕ್ತವಿದ್ದರೂ ಸಾಕು.

ಇನ್ನು, ಅವರು ನಿಮ್ಮನ್ನು ಏನು ಕೇಳುತ್ತಾರೆ? ಸಕ್ಕರೆ ಕಾಯಿಲೆ ಇದೆಯೇ, ರಕ್ತಹೀನತೆಯೇ, ಗರ್ಭಿಣಿಯೇ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತೀರಾ ಎಂದು ವಿಚಾರಿಸದೆ ‘ಬೆನ್ನು ತೋರಿಸಿ’ ಎನ್ನುವವರ ಬಳಿಯಿಂದ ಎದ್ದು ಬನ್ನಿ. ‘ಇನ್ನು ಮಾತ್ರೆ ಬಿಟ್ಟುಬಿಡಿ’ ಎನ್ನುವವರ ಬಳಿಯಿಂದಲೂ.

ಬಿಯುಎಂಎಸ್ ಪದವಿ ಮತ್ತು ಕರ್ನಾಟಕ ಆಯುರ್ವೇದ ಮತ್ತು ಯುನಾನಿ ವೈದ್ಯ ಮಂಡಳಿಯ ನೋಂದಣಿ ಇದೆಯೇ ಎಂದು ಕೇಳಿ. ನಾಲ್ಕು ದಿನದ ತರಬೇತಿಯ ಸರ್ಟಿಫಿಕೇಟು ಅದಕ್ಕೆ ಸಮವಲ್ಲ. ಅನುಮಾನವಿದ್ದರೆ ಬೆಂಗಳೂರಿನ ಮಾಗಡಿ ರಸ್ತೆ, ಕೊಟ್ಟಿಗೆಪಾಳ್ಯದ ರಾಷ್ಟ್ರೀಯ ಯುನಾನಿ ವೈದ್ಯಕೀಯ ಸಂಸ್ಥೆಯ ಆಸ್ಪತ್ರೆಗೆ ಹೋಗಿ. ಇಂಥ ಚಿಕಿತ್ಸೆಗೆಂದೇ ಅಲ್ಲಿ ಇಲಾಜ್ ಬಿತ್ತದ್ಬೀರ್ ವಿಭಾಗವಿದೆ; ನೆಲಮಂಗಲದವರಿಗಂತೂ ದೂರವೇನಲ್ಲ.